ಪಟಾಕಿ ನಿಲ್ಲಿಸಿದ ಚಳಿಗಾಲ

ನಮ್ಮೂರ ಕೆರೆಯ ಪಕ್ಷಿ ಕೇಂದ್ರಕ್ಕೆ ನಾನು ಮೊದಲ ಸಲ ಹೋದದ್ದು ಹಕ್ಕಿ ನೋಡಲಿಕ್ಕಲ್ಲ, ನೆರಳಿಗೆ. ತವರಿನಿಂದ ಹೊರಟು ಆಟೋಗೆ ಕಾಯುತ್ತಾ ಏರಿಯ ಮೇಲೆ ನಿಂತಿದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು. ತಗಡಿನ ಚಾವಣಿಯ ಎರಡು ಕೋಣೆಗಳ ಆ ಕಟ್ಟಡದ ಬಾಗಿಲಲ್ಲಿ ಖಾಕಿ ಅಂಗಿ ತೊಟ್ಟ ವಾಚರ್ ಕೂತಿದ್ದರು. ಮೀನುಗಾರರ ಮನೆತನದವರು, ಅರವತ್ತರ ಹತ್ತಿರದ ವಯಸ್ಸು, ನಮ್ಮ ಅಪ್ಪನ ಜೊತೆ ಇದೇ ಕೆರೆಯಲ್ಲಿ ಈಜಿದವರು, ಹಾಗಾಗಿ ನನಗೆ ಕಾಕಾ. "ಅಲ್ಲಿ ಯಾಕ ನಿಂತೀರಿ ತಾಯಿ, ಒಳಗ ಬರ್ರಿ. ನೋಡಿದ್ದಕ್ಕ ರೊಕ್ಕ ಏನೂ ಕೇಳಂಗಿಲ್ಲ ನಾವು" ಅಂದರು. ಹೋದೆ.

ಗೋಡೆಯ ಮೇಲೆ ಹಕ್ಕಿಗಳ ಚಿತ್ರ, ಕೆಳಗೆ ತೆಲುಗು, ಕನ್ನಡ ಎರಡರಲ್ಲೂ ಹೆಸರು; ನಮ್ಮದು ಆಂಧ್ರದೊಳಗಿನ ಕನ್ನಡದ ಗಡಿಯೂರು. ಕಿಟಕಿಯ ಬಳಿ ಮೂರು ಕಾಲಿನ ಮೇಲೆ ದೂರದರ್ಶಕ. ಕಾಕಾ ಅದನ್ನು ತಿರುಗಿಸಿ, ಕಣ್ಣಿಡಿ ಅಂದರು. ಮೊದಲು ಬರೀ ಬೆಳಕು. ಆಮೇಲೆ ಒಂದು ಕಣ್ಣು ಕಾಣಿಸಿತು. ದುಂಡಗೆ, ಒದ್ದೆಯಾಗಿ, ನನ್ನನ್ನೇ ನೋಡುತ್ತಿರುವಂತೆ. ಅದರ ಬಿಳಿಯ ತಲೆಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. "ಹೆಬ್ಬಾತು. ಹಿಮಾಲಯ ದಾಟಿ ಬರ್ತಾವ್ರಿ" ಅಂದರು.

ರಾಯದುರ್ಗದ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದ ಪ್ಯಾಂಟು ಮೇಜಿನ ಮೇಲೆ ಹರವಿಕೊಂಡು, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಕಾಜ ಸೊಟ್ಟಗಾಗಿದೆ ಅಂತ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ವರ್ಷಗಟ್ಟಲೆ ನನ್ನ ಕಣ್ಣು ಒಂದು ಗೇಣಿಗಿಂತ ದೂರ ಹೋಗಿರಲಿಲ್ಲ. ಅವತ್ತು ಎರಡು ಆಟೋ ಬಂದು ಹೋದವು. ನಾನು ಕಿಟಕಿ ಬಿಡಲಿಲ್ಲ.

ಆಮೇಲೆ ಹದಿನೈದು ದಿನಕ್ಕೊಮ್ಮೆಯಾದರೂ ಹೋಗುವುದು ರೂಢಿಯಾಯಿತು. ಶನಿವಾರ ಮಧ್ಯಾಹ್ನ ಪಾಳಿ ಮುಗಿದ ಕೂಡಲೇ ಕಣೇಕಲ್ಲಿನ ಬಸ್ಸು, ಅಲ್ಲಿಂದ ಆಟೋ. ತಮ್ಮನ ಮನೆಯಲ್ಲಿ ಉಳಿದು ಭಾನುವಾರ ಬೆಳಗ್ಗೆ ಕೇಂದ್ರ. ಬರಿಗೈಲಿ ಹೋಗಲು ಮನಸ್ಸು ಬರಲಿಲ್ಲ. ಘಟಕದಲ್ಲಿ ಕತ್ತರಿಸಿ ಎಸೆಯುವ ಜೀನ್ಸ್ ತುಂಡುಗಳನ್ನು ಮೇಸ್ತ್ರಿಯನ್ನು ಕೇಳಿ ತಂದು, ದುರ್ಬೀನುಗಳಿಗೆ ಚೀಲ ಹೊಲಿದುಕೊಟ್ಟೆ. ಶಾಲೆಯ ಮಕ್ಕಳು ಬಂದಾಗ ಕೂರಲು ಚೌಕದ ಹಾಸುಗಳನ್ನು ಮಾಡಿದೆ. ಹಕ್ಕಿಗಳ ಹೆಸರು ಕಲಿತೆ. ಕಾಕಾ ಇಲ್ಲದಾಗ ಮಕ್ಕಳಿಗೆ ನಾನೇ ಹೆಜ್ಜಾರ್ಲೆ ತೋರಿಸಿ ಅದರ ಗಂಟಲ ಚೀಲದ ಬಗ್ಗೆ ಹೇಳುತ್ತಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟವಳನ್ನು ಆ ಮಕ್ಕಳು ಟೀಚರ್ ಅನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ನನಗೆ ಎಷ್ಟು ಹಿಡಿಸಿತ್ತು ಅನ್ನುವುದನ್ನೂ ಇಲ್ಲಿ ಹೇಳಬೇಕು. ಮುಂದೆ ನಡೆದದ್ದರಲ್ಲಿ ಅದರ ಪಾಲೂ ಇದೆ.

ತಮ್ಮನ ಗದ್ದೆ ಕೆರೆಯ ಹಿಂಬದಿಯ ಅಂಚಿಗೆ ಅಂಟಿಕೊಂಡೇ ಇದೆ. ಕಾಲುವೆ ನೀರು ಸಿಕ್ಕ ವರ್ಷ ಅವನು ಸಂಕ್ರಾಂತಿಯ ಹೊತ್ತಿಗೆ ಎರಡನೇ ಬೆಳೆಗೆ ಭತ್ತದ ಸಸಿಮಡಿ ಹಾಕುತ್ತಾನೆ. ಬಾತುಗಳು ಬರುವುದೂ ಅದೇ ಹೊತ್ತಿಗೆ. ಒಂದು ಹಿಂಡು ಇಳಿದರೆ ಎಳೆಯ ಸಸಿ ಬುಡಸಮೇತ ಹೋಗುತ್ತದೆ. ಹಾಗಾಗಿ ಅವನು ಮೊದಲಿಂದಲೂ ಮುಂಜಾನೆ ಗದ್ದೆಯಲ್ಲಿ ನಿಂತು ಪಟಾಕಿ ಹಚ್ಚುತ್ತಿದ್ದ. ಸುತ್ತಲಿನವರೂ ಹಾಗೇ ಮಾಡುತ್ತಿದ್ದರು.

"ಒಂದು ಪಟಾಕಿ ಹೊಡೆದ್ರ ಬರೀ ಅವನ ಗದ್ದಿ ಅಲ್ರಿ, ಇಡೀ ಕೆರಿ ಎದ್ದು ಹೋಗ್ತೈತಿ" ಅಂದರು ಕಾಕಾ ಒಂದು ದಿನ. "ಮಕ್ಕಳು ಬಸ್ಸು ಮಾಡ್ಕೊಂಡು ಬರ್ತಾರ, ಬರೀ ನೀರು ನೋಡಿ ಹೋಗ್ತಾರ. ನಿಮ್ ತಮ್ಮಗ ನೀವೊಂದು ಮಾತು ಹೇಳ್ರಿ. ಅವ ನಿಲ್ಲಿಸಿದ್ರ ಉಳಿದೋರೂ ನಿಲ್ಲಿಸ್ತಾರ. ಹಕ್ಕಿ ಇಳಿಯದಂಗ ಗದ್ದಿಗೆ ಕಟ್ಟಾಕ ಬಲೆ ಕೊಡ್ತೀವಿ, ಕಾಯಾಕ ಆಳು ಕೊಡ್ತೀವಿ ಅಂತ ಫಾರೆಸ್ಟ್ ಆಫೀಸಿನೋರು ಹೇಳ್ಯಾರ."

ನಾನು ಹೇಳಿದೆ. ಅವನು ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅವ್ವ ಕೂಲಿಗೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನನ್ನ ಮಾತಿಗೆ ಅವನು ಎದುರಾಡಿದ್ದು ಕಡಿಮೆ.

"ಬಲೆ ಬರ್ತಾವಂತ ಖಾತ್ರಿ ಐತೇನಕ್ಕ?" ಅಂತ ಮಾತ್ರ ಕೇಳಿದ.

"ಬರ್ತಾವು. ನಿನ್ನ ಹೆಸರು ನಾನೇ ಬರೆಸೀನಿ."

"ನೀ ಹೇಳಿದ ಮ್ಯಾಲ ಆತು ಬಿಡು."

ಆ ಚಳಿಗಾಲ ಪಟಾಕಿ ನಿಂತಿತು. ಕೆರೆ ತುಂಬಾ ಹಕ್ಕಿ. ಮಕ್ಕಳ ಬಸ್ಸಿನ ಮೇಲೆ ಬಸ್ಸು. ನೋಡಲು ಬಂದ ಅಧಿಕಾರಿಯೊಬ್ಬರು ನನ್ನನ್ನು ಹೊಗಳಿ, ಜೊತೆಗೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಬಲೆ ಬರಲಿಲ್ಲ. ಆಳೂ ಬರಲಿಲ್ಲ. ತಮ್ಮ ಮೂರು ಸಲ ಫೋನ್ ಮಾಡಿದ. ಮೂರು ಸಲವೂ "ಇನ್ನೊಂದು ವಾರ ನೋಡು" ಅಂದೆ. ಮೂರನೇ ಸಲ ಅವನು ಜಗಳವಾಡಲಿಲ್ಲ. "ಅರ್ಧ ಮಡಿ ಬೋಳಾಗೈತಿ" ಅಂದು ಫೋನ್ ಇಟ್ಟ. ಅವನು ಬೈದಿದ್ದರೆ ನಾನು ಎದ್ದು ಯಾವುದಾದರೂ ಆಫೀಸಿನ ಬಾಗಿಲಿಗೆ ಹೋಗುತ್ತಿದ್ದೆನೋ ಏನೋ. ಬೈಯಲಿಲ್ಲ, ಹೋಗಲಿಲ್ಲ.

ಅದಾದ ಮುಂದಿನ ಶನಿವಾರ ತವರಿಗೆ ಹೋದಾಗ ತಮ್ಮ ಮನೆಯಲ್ಲಿರಲಿಲ್ಲ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಒಂದು ಅಲ್ಯೂಮಿನಿಯಂ ಬೋಗುಣಿ, ಅದರಲ್ಲಿ ನೆನೆಸಿದ ಕಾಳು. ಪಕ್ಕದಲ್ಲಿ ಬಾಯಿ ಮಡಚಿದ ಪ್ಯಾಕೆಟ್ಟು. ಗದ್ದೆಗೆ ಹುಳ ಬಿದ್ದರೆ ಎರಚುವ ಗುಳಿಗೆ ಔಷಧಿ. ಅದರ ವಾಸನೆ ಮೂಗಿಗೆ ಬಡಿಯಿತು. ಕಾಳಿನಿಂದಲೂ ಅದೇ ವಾಸನೆ.

"ಇದೇನವಾ?" ಅಂತ ತಮ್ಮನ ಹೆಂಡತಿಯನ್ನು ಕೇಳಿದೆ.

"ಇಲಿಗೆ ಅಂದ್ರಕ್ಕ" ಅಂದಳು. ನನ್ನ ಮುಖ ನೋಡಲಿಲ್ಲ.

ಇಲಿಗೆ ಬೋಗುಣಿ ತುಂಬ ಯಾರೂ ಕಾಳು ನೆನೆಸುವುದಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಿಯೂ ನಾನು ಮಾಡಿದ್ದಿಷ್ಟೇ: ದನ ಮೂತಿ ಹಾಕಬಾರದೆಂದು ಬೋಗುಣಿಯನ್ನೂ ಪ್ಯಾಕೆಟ್ಟನ್ನೂ ಎತ್ತಿ ಮೇಲಿನ ಗೂಡಿನಲ್ಲಿಟ್ಟೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದೆ. ತಮ್ಮ ಬಂದ. ಒಟ್ಟಿಗೆ ಕೂತು ಉಂಡೆವು. ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಬಲೆ ಬಂತಾ ಅಂತ ಅವನು ಕೇಳಿಬಿಟ್ಟರೆ ಏನು ಹೇಳಲಿ ಅನ್ನುವ ಅಂಜಿಕೆಯೇ ನನಗೆ ದೊಡ್ಡದಾಗಿತ್ತು.

ಬೆಳಗ್ಗೆ ಏಳಕ್ಕೆ ಕೇಂದ್ರಕ್ಕೆ ಹೋದೆ. ಬೀಗ ಹಾಕಿತ್ತು. ಕಾಕಾ ಕೆರೆಯ ಹಿಂಬದಿಯಲ್ಲಿ ಮೊಣಕಾಲುದ್ದದ ನೀರಲ್ಲಿ ನಿಂತು ಕೈ ಬೀಸುತ್ತಿದ್ದರು. ಸೀರೆ ಎತ್ತಿ ಕಟ್ಟಿಕೊಂಡು ನಡೆದೆ. ಅಂಚಿನ ಕೆಸರಿನಲ್ಲಿ ಹೆಬ್ಬಾತುಗಳು ಬಿದ್ದಿದ್ದವು. ಕೆಲವು ಕುತ್ತಿಗೆ ಹಿಂದಕ್ಕೆ ತಿರುಚಿ ಸೆಟೆದಿದ್ದವು. ಒಂದಕ್ಕೆ ಇನ್ನೂ ಜೀವವಿತ್ತು. ರೆಕ್ಕೆ ಅಗಲಿಸಿ ಏಳಲು ನೋಡುವುದು, ತಲೆ ನೀರಿಗೆ ಮುಳುಗುವುದು. ನಾನು ಅದನ್ನು ಎತ್ತಿಕೊಂಡೆ. ಅಷ್ಟು ದೊಡ್ಡ ಹಕ್ಕಿ ಅಷ್ಟು ಹಗುರವಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎದೆಯ ಬಡಿತ ನನ್ನ ಅಂಗೈಗೆ ತಾಗುತ್ತಿತ್ತು, ಆಮೇಲೆ ತಾಗಲಿಲ್ಲ.

ಇಬ್ಬರೂ ಗೊಬ್ಬರದ ಖಾಲಿ ಚೀಲಗಳಲ್ಲಿ ಅವನ್ನು ತುಂಬಿದೆವು. ಕಾಕಾ ಕೊನೆಯ ಚೀಲದ ಬಾಯಿ ಕಟ್ಟುತ್ತಾ ಕೇಳಿದರು, "ಕರೆಂಟಿನ ತಂತಿ ಇಲ್ಲಿಲ್ಲ. ರೋಗ ಆಗಿದ್ರ ಇಷ್ಟು ಒಮ್ಮಿಗೇ ಬೀಳಂಗಿಲ್ಲ. ನಿಮಗೇನಾರ ಗೊತ್ತೈತೇನ್ರಿ ತಾಯಿ?"

"ಇಲ್ಲ ಕಾಕಾ" ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಆಫೀಸಿಗೆ ಫೋನ್ ಮಾಡಿದರು. ಭಾನುವಾರ, ದನದ ಡಾಕ್ಟರು ಮಧ್ಯಾಹ್ನದ ಮೇಲೆ ಬರುತ್ತಾರೆ ಅಂತ ಉತ್ತರ ಬಂತು.

ಆ "ಇಲ್ಲ" ಅನ್ನುವ ಮಾತನ್ನು ನಾನು ಮನಸ್ಸಿನೊಳಗೆ ಎಷ್ಟು ಸಲ ವಾಪಸು ತೆಗೆದುಕೊಂಡಿದ್ದೇನೋ. ಏಳೂವರೆಗೆ ನಾನು ಹೌದು ಅಂದಿದ್ದರೆ ಕಾಕಾ ಎಂಟಕ್ಕೆ ಊರಲ್ಲಿ ಡಂಗುರ ಸಾರಿಸುತ್ತಿದ್ದರು: ಯಾರೂ ಬಿದ್ದ ಹಕ್ಕಿ ಮುಟ್ಟಬೇಡ್ರಿ, ಯಾರೂ ಮನೆಗೆ ಒಯ್ಯಬೇಡ್ರಿ. ನಮಗಿಂತ ಮುಂಚೆ, ಇನ್ನೂ ಮಂಜಿರುವಾಗಲೇ, ಅಲ್ಲಿಗೆ ಒಬ್ಬಳು ಬಂದು ಹೋಗಿದ್ದಳು. ಅವಳು ನನ್ನ ಜೊತೆ ಓದಿದವಳು. ಒಂದೇ ಬೆಂಚು. ಈಗ ನಾಟಿ ಕೆಲಸಕ್ಕೆ ಹೋಗುತ್ತಾಳೆ. ಬಹಿರ್ದೆಸೆಗೆ ಬಂದವಳು ಬದುವಿನ ಪಕ್ಕ ಬಿದ್ದಿದ್ದ ಒಂದು ಬಾತನ್ನು ನೋಡಿ, ನಾಯಿ ಕಚ್ಚಿ ಬಿಟ್ಟದ್ದೆಂದುಕೊಂಡು ಸೆರಗಲ್ಲಿ ಮುಚ್ಚಿಕೊಂಡು ಒಯ್ದಿದ್ದಳು. ಸಾರು ಮಾಡಿ, ಮುದ್ದೆ ಕಟ್ಟಿಕೊಂಡು ಹೋಗಿ, ಹತ್ತು ಗಂಟೆಗೆ ಗದ್ದೆಯ ಬದುವಿನ ಮೇಲೆ ಕೂತು ತಿಂದಳು. ಗಂಡ ಬೊಮ್ಮನಹಾಳಿನ ಕಡೆ ಕೆಲಸಕ್ಕೆ ಹೋಗಿದ್ದರಿಂದ ಅವನು ಉಳಿದ.

ಹನ್ನೊಂದೂವರೆಗೆ, ನಾವು ಕೇಂದ್ರದಲ್ಲಿ ದನದ ಡಾಕ್ಟರಿಗೆ ಕಾಯುತ್ತಿದ್ದಾಗ, ಏರಿಯ ಮೇಲೆ ಆಟೋ ಹಾರ್ನ್ ಹೊಡೆದುಕೊಂಡು ಬಂತು. ಮುಂದೆ ಡ್ರೈವರ್ ಪಕ್ಕ ನನ್ನ ತಮ್ಮ. ಹಿಂದೆ ಇಬ್ಬರು ಹೆಂಗಸರ ನಡುವೆ ಅವಳು ಒರಗಿದ್ದಳು. ತಮ್ಮ ಇಳಿಯಲಿಲ್ಲ. "ಅಕ್ಕ, ಹತ್ತು" ಅಂದ. ಒಬ್ಬಳನ್ನು ಇಳಿಸಿ ಹತ್ತಿದೆ. ಅವಳ ತಲೆ ನನ್ನ ತೊಡೆಯ ಮೇಲೆ ಬಂತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲಾ ನೀರಿಗದ್ದಿದಂತೆ ಬೆವರು. ರೆಪ್ಪೆ ಬಿಡಿಸಿದರೆ ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು ಸಣ್ಣಗಾಗಿತ್ತು. "ನಾಟಿ ಹಚ್ಚಾಕತ್ತಿದ್ಲು, ಹಂಗೇ ಕೆಸರಾಗ ಕುಸುದು ಬಿದ್ಲು" ಅಂತ ಜೊತೆಯವಳು ಹೇಳುತ್ತಲೇ ಇದ್ದಳು. "ಬಾತಿನ ಸಾರು ಉಂಡಿದ್ಲು. ನಮಗೂ ಕರೆದ್ಲು. ನಾವು ಒಲ್ಲೆ ಅಂದ್ವಿ."

ತಮ್ಮನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಕಣೇಕಲ್ಲಿನ ಆಸ್ಪತ್ರೆಯಲ್ಲಿ ಆವತ್ತು ಒಬ್ಬರೇ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ. ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿ ನಮ್ಮ ಕಡೆ ತಿರುಗಿದಳು. "ಇದು ವಿಷ. ಯಾವುದು? ಹೊಲದ ಔಷಧಿ ಏನಾದ್ರೂ ಕುಡಿದಾರಾ? ಹೆಸರು ಹೇಳಿ, ಬೇಗ" ಅಂತ ತೆಲುಗಿನಲ್ಲಿ ಕೇಳಿದಳು.

ಕುಡಿದಿಲ್ಲ, ಹಕ್ಕಿ ತಿಂದಿದಾಳೆ ಅಂತ ಜೊತೆಯವಳು ಅಂದಳು. ಹಕ್ಕಿ ಏನು ತಿಂದಿತ್ತು ಅಂತ ಡಾಕ್ಟರು ಕೇಳಿದಳು.

ತಮ್ಮ ಗೋಡೆಗೆ ಒರಗಿ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೆಸರು ಮೊಣಕಾಲಿನವರೆಗೆ ಒಣಗಿತ್ತು. ನಾನು ಅವನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನ ಬೆನ್ನು ಗೋಡೆಯಿಂದ ಕೊಂಚ ಬಿಟ್ಟಂತೆ ಕಂಡಿತು. ಮಂಚದ ಮೇಲೆ ಅವಳ ಉಸಿರು ಗೊರಗೊರ ಅನ್ನುತ್ತಿತ್ತು. ನಾನು ತಡೆಯಲಾರದೆ ಹೇಳಿಬಿಟ್ಟೆ. ಪ್ಯಾಕೆಟ್ಟಿನ ಮೇಲೆ ಓದಿದ ಹೆಸರು ಹೇಳಿದೆ. ನನ್ನ ತಮ್ಮನ ಕೊಟ್ಟಿಗೆಯಲ್ಲಿ ಇತ್ತು, ಕಾಳಿಗೆ ಕಲಸಿದ್ದ, ನಿನ್ನೆ ನಾನೇ ನೋಡಿದೆ ಅಂದೆ.

ಡಾಕ್ಟರು ಆಗಲೇ ನರ್ಸಿಗೆ ಸೂಜಿಯ ಹೆಸರು ಕೂಗಿದ್ದಳು. ನಮ್ಮಲ್ಲಿ ಯಾರು ಏನು ಮಾಡಿದ್ದರು ಅನ್ನುವುದು ಅವಳಿಗೆ ಬೇಕಿರಲಿಲ್ಲ. ಬೇಕಾದವರು ಬಾಗಿಲಲ್ಲಿ ನಿಂತಿದ್ದರು. ಆ ಹೊತ್ತಿಗೆ ಊರಿನ ಏಳೆಂಟು ಜನ ಸೇರಿದ್ದರು.

ಸೂಜಿಗಳ ಮೇಲೆ ಸೂಜಿ ಕೊಟ್ಟು ಅವಳನ್ನು ಆಂಬುಲೆನ್ಸಿನಲ್ಲಿ ಅನಂತಪುರಕ್ಕೆ ಕಳಿಸಿದ ಮೇಲೆ ತಮ್ಮ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತಿದ್ದ. ನಾನು ಹತ್ತಿರ ಹೋದೆ. ಅವನೇ ಮಾತು ತೆಗೆದ.

"ನಾನ ಹೇಳ್ತಿದ್ದೆ. ಬಾಯಿ ತೆಗೀಲಿಕ್ಕ ಅರ್ಧ ನಿಮಿಷ ಕೊಡಲಿಲ್ಲ ನೀನು."

"ಅರ್ಧ ನಿಮಿಷ ಎಲ್ಲಿತ್ತೋ ಅಲ್ಲಿ?"

"ಗೊತ್ತಿತ್ತಲ್ಲ ನಿನಗ. ನಿನ್ನೀನ ಗೊತ್ತಿತ್ತು. ರಾತ್ರಿ ಉಣ್ಣಾಗ ಯಾಕ ಕೇಳಲಿಲ್ಲ? ಒಂದು ಮಾತು ಬೈದಿದ್ರ ನಾ ಅದನ್ನ ಮಣ್ಣಾಗ ಹೂತುಬಿಡ್ತಿದ್ದೆ."

ಅವನು ಎದ್ದು, ಆಟೋ ಹತ್ತದೆ, ಬರಿಗಾಲಲ್ಲೇ ಊರಿನ ದಾರಿ ಹಿಡಿದ.

ಸಂಜೆ ಕೇಂದ್ರಕ್ಕೆ ಹೋಗಿ ಕಾಕಾನ ಮುಂದೆ ನಿಂತೆ. ಬೆಳಗ್ಗೆ ಸುಳ್ಳು ಹೇಳಿದೆ ಅಂದೆ. ಅವರು ನಲ್ಲಿಯ ಕೆಳಗೆ ಕೈ ಉಜ್ಜಿ ತೊಳೆಯುತ್ತಿದ್ದರು. "ನಿಮ್ ಮುಖ ನೋಡಿದಾಗ್ಲೇ ಗೊತ್ತಾಗಿತ್ರಿ" ಅಂದರು. "ನಾ ಇನ್ನೊಂದು ಸಲ ಕೇಳಬೇಕಿತ್ತು. ಮನಿ ಮಾತು, ಹೆಣ್ಮಗಳಿಗೆ ಯಾಕ ಕಷ್ಟ ಕೊಡ್ಲಿ ಅಂತ ಸುಮ್ನಾದೆ. ನಂದೂ ತಪ್ಪೈತಿ."

ಅವಳು ಬದುಕಿದಳು. ಅನಂತಪುರದಿಂದ ಬರಲು ಇಪ್ಪತ್ತು ದಿನ ಹಿಡಿಯಿತು. ಬಂದ ಮೇಲೂ ಬೆರಳುಗಳು ನಡುಗುವುದು ಬಿಡಲಿಲ್ಲ, ಸಸಿ ಹಿಡಿದು ಊರಲು ಆಗುತ್ತಿರಲಿಲ್ಲ. ನಾನು ನೋಡಲು ಹೋದಾಗ ಚಾಪೆ ಹಾಕಿದಳು. ನಾನು ಅಳಲು ಶುರುಮಾಡಿದೆ. "ನೀ ಅಳಬ್ಯಾಡ. ನೀ ಅತ್ರ ನಾ ನಿನ್ನ ಸಮಾಧಾನ ಮಾಡಬೇಕಾಗ್ತೈತಿ, ನನಗ ಅಷ್ಟು ಶಕ್ತಿ ಇಲ್ಲ" ಅಂದಳು. ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ರಾಯದುರ್ಗಕ್ಕೆ ಬಾ, ಘಟಕದಲ್ಲಿ ಕೂತು ಮಾಡುವ ಕೆಲಸ ಕೇಳುತ್ತೇನೆ ಅಂದೆ. ನಡುಗುವ ಕೈ ಎತ್ತಿ ತೋರಿಸಿದಳು, ಅಷ್ಟೇ. ಹೊಲಿಗೆ ಘಟಕದಲ್ಲಿ ಆ ಕೈಗೆ ಯಾವ ಕೆಲಸವೂ ಇಲ್ಲವೆಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಈಗ ಕುರಿ ಮೇಯಿಸುತ್ತಾಳೆ.

ತಮ್ಮನ ಮೇಲೆ ಕೇಸಾಯಿತು. ಅದಕ್ಕಾಗಿ ಅವನು ರಾಯದುರ್ಗಕ್ಕೆ ಬಂದುಹೋಗುತ್ತಿದ್ದ. ನನ್ನ ಮನೆಗೆ ಬರುತ್ತಿರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಂಡ. ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದ. ನನ್ನ ಮನೆ ಅಲ್ಲಿಂದ ಎರಡು ಬೀದಿ. ನಾನು ಕಂಬದ ಮರೆಯಲ್ಲಿ ನಿಂತು ಅವನು ಬಸ್ಸು ಹತ್ತುವತನಕ ನೋಡಿದೆ.

ಕಾಕಾನನ್ನು ಮಡಕಶಿರಾದ ಕಡೆ ಸಸಿ ಬೆಳೆಸುವ ಇಲಾಖೆಯ ತೋಟವೊಂದಕ್ಕೆ ವರ್ಗ ಮಾಡಿದರು. ಒಮ್ಮೆ ಫೋನ್ ಮಾಡಿದ್ದರು. "ಇಲ್ಲಿ ಮಾತು ನಮ್ಮಂಗಲ್ರಿ, ತುಮಕೂರು ಕಡೀದು. ಒಳ್ಳೇ ಜನ. ಕೆರಿ ಇಲ್ಲ, ಅದ ಒಂದು ಕೊರತಿ" ಅಂದರು. ಕೇಂದ್ರಕ್ಕೆ ಬೀಗ ಬಿತ್ತು. ಮಳೆಗಾಲ ಕಳೆದ ಮೇಲೆ ತೆರೆದರು, ಹೊಸ ವಾಚರ್ ಬಂದರು. ನಾನು ಇನ್ನು ಹೋಗುವುದಿಲ್ಲ ಅಂದುಕೊಂಡಿದ್ದೆ. ಆದರೆ ಸಸಿಮಡಿಯ ಕಾಲ ಹತ್ತಿರ ಬರುತ್ತಿದ್ದಂತೆ ನಿದ್ದೆ ಕೆಡತೊಡಗಿತು. ಹೋದೆ. ಕೆರೆಯ ಸುತ್ತಲಿನ ರೈತರನ್ನು ಕರೆದು ಸಭೆ ಮಾಡುವುದಿತ್ತು. ಹಕ್ಕಿಗಳ ಬಗ್ಗೆ ನಾಲ್ಕು ಮಾತಾಡಿ ಅಂತ ಹೊಸ ವಾಚರ್ ನನ್ನನ್ನು ಎಬ್ಬಿಸಿದರು. ಹಕ್ಕಿಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

"ಹೋದ ವರ್ಷ ಸದ್ದು ಮಾಡಬ್ಯಾಡ್ರಿ ಅಂತ ಹೇಳಿದಾಕಿ ನಾನೇ" ಅಂದೆ. "ಬಲೆ ಬರ್ತಾವು ಅಂತ ಹೇಳಿದಾಕಿನೂ ನಾನೇ. ನನ್ನ ಕೈಯಾಗ ಇಲ್ಲದ್ದನ್ನ ಕೊಡ್ತೀನಿ ಅಂದೆ. ಈ ವರ್ಷ ಬಲೆ ನಿಮ್ಮ ಗದ್ದಿಗೆ ಬಂದು ಬೀಳೋತನಕ ಯಾರೂ ಸುಮ್ಮನಿರಬ್ಯಾಡ್ರಿ. ಹಕ್ಕಿ ಎದ್ದು ಹೋದ್ರ ಹೋಗ್ಲಿ. ಎದ್ದು ಹೋದದ್ದು ತಿರುಗಿ ಬರ್ತೈತಿ."

ಹೊಸ ವಾಚರಿಗೆ ಇದು ಹಿಡಿಸಲಿಲ್ಲ. ಹಿಂದೆ ಕೂತ ಯಾರೋ "ಈಗ ಬುದ್ಧಿ ಬಂತು" ಅಂದರು. ಸರಿಯಾಗಿಯೇ ಅಂದರು. ತಮ್ಮ ಸಭೆಗೆ ಬಂದಿರಲಿಲ್ಲ. ಆ ವರ್ಷ ಬಲೆ ಬಂತು, ತಡವಾಗಿ, ಕೆಲವರಿಗೆ ಮಾತ್ರ. ಅದುವರೆಗೆ ಮುಂಜಾನೆಗಳಲ್ಲಿ ಗದ್ದೆಗಳಿಂದ ಪಟಾಕಿಯ ಸದ್ದು ಬರುತ್ತಿತ್ತು. ಕಿಟಕಿಯಲ್ಲಿ ನಿಂತ ಮಕ್ಕಳು ಖಾಲಿ ನೀರು ನೋಡಿ "ಟೀಚರ್, ಎಲ್ಲಿ?" ಅನ್ನುತ್ತಿದ್ದರು. ಕಾಯಬೇಕು ಅನ್ನುತ್ತಿದ್ದೆ. ಕೆಲವೊಮ್ಮೆ ಬರುತ್ತಿದ್ದವು. ಕೆಲವೊಮ್ಮೆ ಬಸ್ಸಿನ ಹೊತ್ತಾಗಿ ಮಕ್ಕಳೇ ಹೊರಡುತ್ತಿದ್ದರು.

ತಮ್ಮನ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಮೊದಮೊದಲು ನಾನು ಬಂದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ಈಚೆಗೆ ಹೋಗುವುದಿಲ್ಲ, ಗೋಡೆ ಕಡೆ ತಿರುಗಿ ಕೂರುತ್ತಾನೆ. ಹೋದ ತಿಂಗಳು ಅವನ ಹೆಂಡತಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ನಾನೂ ಮೊರದ ಆಚೆ ಕೂತು ಕೈಹಚ್ಚಿದೆ. ಅವನು ಮನೆಯಲ್ಲಿರಲಿಲ್ಲ. ಸುಲಿಯುತ್ತಲೇ ಅವಳು ಹೇಳಿದಳು, "ಅವತ್ತು ನೀವೂ ಕಾಕಾನೂ ಚೀಲ ಹೊತ್ಕೊಂಡು ಕೇಂದ್ರಕ್ಕ ಹೋದ್ರಲ್ಲ ಅಕ್ಕ, ಆಮ್ಯಾಲ ಅವರು ಪುಟ್ಟಿ ತಗೊಂಡು ಗದ್ದಿಗೆ ಹೋದ್ರು. ರಾತ್ರಿ ತಾವೇ ಚೆಲ್ಲಿ ಬಂದಿದ್ದ ಕಾಳು ಆಯಾಕ. ಕೆಸರಾಗ ಕೂತು ಒಂದೊಂದೇ ಆರಿಸಿದ್ರು. ಭಾಳ ಸಿಗಲಿಲ್ಲ. ಅಲ್ಲೇ ಇದ್ರು, ಬಾಜು ಗದ್ಯಾಗ ಆಕಿ ಬಿದ್ದದ್ದು ನೋಡಿ ಓಡಿದ್ರು."

ನನ್ನ ಕೈ ನಿಂತಿತು. ಆಸ್ಪತ್ರೆಯ ಗೋಡೆಗೆ ಒರಗಿದ ಅವನ ಕಾಲಿನ ಕೆಸರನ್ನು ನಾನು ನೋಡಿದ್ದೆ. ಅವಳನ್ನು ನಾಟಿ ಗದ್ದೆಯಿಂದ ಎತ್ತಿ ತರುವಾಗ ಹತ್ತಿದ ಕೆಸರು ಅಂದುಕೊಂಡಿದ್ದೆ.

"ಇಷ್ಟು ದಿನ ಯಾಕ ಹೇಳಲಿಲ್ಲವಾ?"

"ನೀವು ಕೇಳಲಿಲ್ಲಲ್ಲ" ಅಂದಳು.

ಅವನು ಬರುವ ಹೊತ್ತಾಗಿತ್ತು. ಹೋಗುವುದೋ ಇರುವುದೋ ತಿಳಿಯದೆ ಕೂತೇ ಇದ್ದೆ. ಅವಳು ಮೊರದ ಸಿಪ್ಪೆ ಊದಿ, ಇನ್ನೊಂದು ಬೊಗಸೆ ಶೇಂಗಾ ನನ್ನ ಮುಂದೆ ಸುರಿದಳು.